ಮೊಬೈಲಿಗೊಂದು ಬೇರೆ ವಿಳಾಸ ಬೇಕೆ?



ನಾನು ಚಿಕ್ಕವನಾಗಿದ್ದಾಗ ನಮ್ಮ ಮನೆಯಲ್ಲಿದ್ದುದು ಕಪ್ಪು-ಬಿಳುಪು ಟಿ.ವಿ. ಎದುರು ಮನೆಯವರದು ಬಣ್ಣದ ಟಿ.ವಿ. ಒಂದೇ ಕಾರ್ಯಕ್ರಮ ಒಂದೇ ಹೊತ್ತಿಗೆ ಎರಡೂ ಮನೆಗಳಲ್ಲಿ ಬರುತ್ತಿತ್ತು. ಅವರ ಮನೆಯಲ್ಲಿ ಹುಲ್ಲು ಹಸಿರಾಗಿ ಕಾಣುತ್ತಿತ್ತು, ನಮ್ಮಲ್ಲಿ ಬೂದಿಯಾಗಿ. ಅವರಿಗೊಂದು ಪ್ರಸಾರ, ನಮಗೊಂದು ಪ್ರಸಾರ ಇರಬೇಕೆಂದು ನಾನು ಬಹಳ ದಿನ ನಂಬಿದ್ದೆ. ಬಿ.ಎಸ್ಸಿ. ಓದುವಾಗ ನಿಜ ತಿಳಿಯಿತು. ಪ್ರಸಾರ ಒಂದೇ. ಅದರಲ್ಲಿ ಬೆಳಕಿನ ಪ್ರಮಾಣವನ್ನು ತಿಳಿಸುವ ಅಂಶವೊಂದು, ಬಣ್ಣವನ್ನು ತಿಳಿಸುವ ಅಂಶವೊಂದು. ಬಣ್ಣದ ಟಿ.ವಿ. ಎರಡನ್ನೂ ಬಳಸಿಕೊಳ್ಳುತ್ತದೆ. ಕಪ್ಪು-ಬಿಳುಪು ಟಿ.ವಿ. ಮೊದಲನೆಯದನ್ನು ಮಾತ್ರ ಬಳಸಿಕೊಂಡು ಚಿತ್ರ ಮೂಡಿಸುತ್ತದೆ. 1982ರಲ್ಲಿ ಭಾರತಕ್ಕೆ ಬಣ್ಣದ ಪ್ರಸಾರ ಬಂದಾಗ ಹಳೆಯ ಟಿ.ವಿ.ಗಳನ್ನು ಯಾರೂ ಎಸೆಯಬೇಕಾಗಲಿಲ್ಲ.

ಟಿ.ವಿ.ಯ ಈ ಹಳೆಯ ಪಾಠವನ್ನು ಇಲ್ಲಿ ನೆನೆಯಲು ಕಾರಣವಿದೆ. ಅಂತರಜಾಲದಲ್ಲಿಯೂ ಒಮ್ಮೆ ಇದೇ ಪ್ರಶ್ನೆ ಎದ್ದಿತ್ತು. ಮೊಬೈಲ್ ಫೋನಿನಲ್ಲಿ ನೋಡುವವರಿಗಾಗಿ ಬೇರೆಯೇ ಒಂದು ವಿಳಾಸ ಬೇಕೆ? ಜಾಲತಾಣದ ಹೆಸರಿನ ಕೊನೆಯಲ್ಲಿ ಡಾಟ್ ಕಾಮ್, ಡಾಟ್ ಇನ್ ಇರುವ ಹಾಗೆ, ಮೊಬೈಲಿಗೆಂದೇ ಒಂದು ಬಾಲ ಇರಬೇಕೆ?

ಮೊದಲು ಈ ಬಾಲದ ಕೆಲಸವೇನು ಎಂದು ನೋಡೋಣ. ಕಂಪ್ಯೂಟರುಗಳು ಪರಸ್ಪರರನ್ನು ಗುರುತಿಸುವುದು ಅಂಕಿಗಳಿಂದ. ನಮಗೆ ನೆನಪಿನಲ್ಲಿ ಉಳಿಯುವುದು ಹೆಸರುಗಳು. ಹೆಸರನ್ನು ಅಂಕಿಗೆ ಹೊಂದಿಸಿಕೊಡುವ ವ್ಯವಸ್ಥೆಯೊಂದನ್ನು 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬ ವಿಜ್ಞಾನಿ ರೂಪಿಸಿದರು. ಇದು ಅಂಚೆಯ ವಿಳಾಸವಿದ್ದಂತೆ. ನಾವು ಹೆಸರು, ಬೀದಿ, ಊರು, ರಾಜ್ಯ ಎಂದು ಮೇಲಿನಿಂದ ಕೆಳಕ್ಕೆ ಬರೆಯುತ್ತೇವೆ. ಅಂಚೆಯವರು ಕಾಗದಗಳನ್ನು ಬೇರ್ಪಡಿಸುವಾಗ ರಾಜ್ಯವನ್ನು ಮೊದಲು ನೋಡುತ್ತಾರೆ, ಆಮೇಲೆ ಊರು, ಕೊನೆಗೆ ಮನೆ. ಅಂತರಜಾಲವೂ ವಿಳಾಸವನ್ನು ಬಲದಿಂದ ಎಡಕ್ಕೆ ಬಿಡಿಸುತ್ತದೆ. ಕೊನೆಯ ಬಾಲವನ್ನು ನೋಡಿ, ಅದರ ಉಸ್ತುವಾರಿ ಹೊತ್ತವರನ್ನು ವಿಚಾರಿಸಿ, ಅಲ್ಲಿಂದ ಮುಂದಕ್ಕೆ ಸಾಗುತ್ತದೆ.

1985ರ ಹೊತ್ತಿಗೆ ಕಾಮ್, ಎಜು, ಗವ್, ಮಿಲ್, ಆರ್ಗ್, ನೆಟ್ ಎಂಬ ಬಾಲಗಳು ಬಳಕೆಗೆ ಬಂದವು. ವ್ಯಾಪಾರ, ಶಿಕ್ಷಣ, ಅಮೆರಿಕದ ಸರ್ಕಾರ, ಅದರ ಸೇನೆ, ಇತರ ಸಂಸ್ಥೆಗಳು, ಜಾಲ ನಡೆಸುವವರು ಎಂದು ಅವುಗಳ ಅರ್ಥ. ಜೊತೆಗೆ ದೇಶಗಳಿಗೆ ಎರಡೆರಡು ಅಕ್ಷರ. ಭಾರತದ ಇನ್ 1989ರಲ್ಲಿ ಬಂತು. ಗಮನಿಸಿ: ಇವೆಲ್ಲ ಹೇಳುವುದು ತಾಣ ಯಾರದು, ಎಲ್ಲಿಯದು ಎಂಬುದನ್ನು. ನೋಡುವವನ ಕೈಯಲ್ಲಿ ಯಾವ ಯಂತ್ರವಿದೆ ಎಂಬುದನ್ನು ಇವುಗಳಲ್ಲಿ ಒಂದೂ ಹೇಳುವುದಿಲ್ಲ.

ಆ ರೂಢಿಯನ್ನು ಮುರಿದದ್ದು ಡಾಟ್ ಮೊಬಿ. ನೋಕಿಯಾ, ಮೈಕ್ರೋಸಾಫ್ಟ್, ವೊಡಾಫೋನ್ ಮೊದಲಾದ ದೊಡ್ಡ ಕಂಪನಿಗಳು ಕೂಡಿ 2004ರಲ್ಲಿ ಇದನ್ನು ಕೇಳಿದವು. ಅಂತರಜಾಲದ ಹೆಸರುಗಳ ಮೇಲ್ವಿಚಾರಣೆ ನಡೆಸುವ ಐಕಾನ್ ಸಂಸ್ಥೆ 2005ರಲ್ಲಿ ಒಪ್ಪಿತು. 2006ರ ಸೆಪ್ಟೆಂಬರಿನಲ್ಲಿ ಎಲ್ಲರೂ ಕೊಳ್ಳಬಹುದಾದ ಹಾಗೆ ಅದು ತೆರೆಯಿತು. ಹೂವು ಎಂಬರ್ಥದ ‘ಫ್ಲವರ್ಸ್ ಡಾಟ್ ಮೊಬಿ’ ಎಂಬ ಒಂದೇ ಹೆಸರು ಅದೇ ವರ್ಷ ಹರಾಜಿನಲ್ಲಿ 2 ಲಕ್ಷ ಡಾಲರಿಗೆ ಮಾರಾಟವಾಯಿತೆಂದರೆ, ಅಂದಿನ ನಿರೀಕ್ಷೆ ಎಷ್ಟಿತ್ತೆಂದು ನೀವೇ ಊಹಿಸಬಹುದು.

ಈ ಬೇಡಿಕೆಯಲ್ಲಿ ತಿರುಳೇ ಇರಲಿಲ್ಲ ಎನ್ನುವುದು ಸರಿಯಲ್ಲ. ಆ ಕಾಲದ ಒಂದು ಒಳ್ಳೆಯ ಫೋನಿನ ಪರದೆಯಲ್ಲಿ ಅಡ್ಡಕ್ಕೆ 176, ಉದ್ದಕ್ಕೆ 208 ಚುಕ್ಕೆಗಳು. ಗುಣಿಸಿ ನೋಡಿ, ಒಟ್ಟು 36,608. ಇಂದು 1080 ಮತ್ತು 2400 ಚುಕ್ಕೆಗಳ ಪರದೆ ಸಾಮಾನ್ಯ. ಅದು ಸುಮಾರು ಎಪ್ಪತ್ತು ಪಟ್ಟು ಹೆಚ್ಚು. ಕಂಪ್ಯೂಟರಿಗಾಗಿ ಮಾಡಿದ ಪುಟವನ್ನು ಅಂದಿನ ಫೋನಿನಲ್ಲಿ ತೆರೆಯುವುದೆಂದರೆ ಕೀಲಿಕೈ ರಂಧ್ರದಿಂದ ಇಡೀ ಕೋಣೆಯನ್ನು ನೋಡಿದಂತೆ. ದತ್ತಾಂಶ ಬರುತ್ತಿದ್ದುದು ನಿಧಾನವಾಗಿ, ಬಂದ ಪ್ರತಿ ಕಿಲೋಬೈಟಿಗೂ ಹಣ ಕೊಡಬೇಕಾದ ಕಡೆಗಳೂ ಇದ್ದವು. ಪುಟ ಸರಿಯಾಗಿ ಕಾಣದಿದ್ದರೂ ದುಡ್ಡು ಹೋಗುತ್ತಿತ್ತು.

ಆದ್ದರಿಂದ ಡಾಟ್ ಮೊಬಿಯವರು ಹೇಳಿದ್ದು ಇಷ್ಟು: ನಮ್ಮ ಬಾಲವನ್ನು ಒಂದು ಮುದ್ರೆಯೆಂದು ತಿಳಿಯಿರಿ. ಪ್ರೆಷರ್ ಕುಕ್ಕರಿನ ಮೇಲೆ ಐ.ಎಸ್.ಐ. ಗುರುತು ಇರುವ ಹಾಗೆ. ಅದು ಇದ್ದರೆ ಪುಟ ನಿಮ್ಮ ಫೋನಿನಲ್ಲಿ ತೆರೆಯುತ್ತದೆಂಬ ಭರವಸೆ. ಭರವಸೆಗೆ ತಕ್ಕ ನಿಯಮಗಳನ್ನೂ ಮಾಡಿದರು. ಪುಟವನ್ನು ಮೊಬೈಲಿಗೆ ಹೊಂದುವ ಸರಳ ಭಾಷೆಯಲ್ಲಿ ಬರೆಯಬೇಕು, ಪರದೆಯನ್ನು ಚೌಕಟ್ಟುಗಳಾಗಿ ಒಡೆಯಬಾರದು ಎಂದೆಲ್ಲ. ಪುಟವನ್ನು ಪರೀಕ್ಷಿಸಿ ಅಂಕ ಕೊಡುವ ಸಾಧನವನ್ನೂ ಒದಗಿಸಿದರು.

ವಿರೋಧಿಸಿದವರಲ್ಲಿ ಮುಖ್ಯರು ಟಿಮ್ ಬರ್ನರ್ಸ್-ಲೀ. ವೆಬ್ ಅನ್ನು ಕಂಡುಹಿಡಿದವರೇ. 2004ರಲ್ಲಿ ಅವರು ಈ ಬಾಲ ಹಾನಿಕರವೆಂದು ವಿವರವಾಗಿ ಬರೆದರು. ಯಾವ ಯಂತ್ರದಿಂದಲಾದರೂ ಒಂದೇ ವಿಳಾಸದಿಂದ ಒಂದೇ ವಿಷಯವನ್ನು ತಲುಪಬಹುದು ಎಂಬುದರಲ್ಲೇ ವೆಬ್‌ನ ಶಕ್ತಿಯಿದೆ. ಯಂತ್ರಕ್ಕೊಂದು ವಿಳಾಸ ಮಾಡಿದರೆ ಆ ಶಕ್ತಿ ಒಡೆಯುತ್ತದೆ ಎಂಬುದು ಅವರ ವಾದದ ಸಾರ.

ಈ ವಾದದ ಸತ್ಯ ನನಗೆ ಒಂದು ಪೇಚಿನಿಂದ ಮನವರಿಕೆಯಾಯಿತು. ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ಮಳೆಯ ಬಗ್ಗೆ ಒಂದು ಕಾರ್ಯಕ್ರಮ ಸಿದ್ಧವಾಗುತ್ತಿತ್ತು. ಬಸ್ಸಿನಲ್ಲಿ ಬರುವಾಗ ಫೋನಿನಲ್ಲಿ ಒಂದು ಲೇಖನ ಓದಿ, ಅದನ್ನೇ ಆಧಾರವಾಗಿಟ್ಟು ನಿರೂಪಣೆ ಬರೆದೆ. ಧ್ವನಿಮುದ್ರಣದ ದಿನ ನಮ್ಮ ಸಂಕಲನಕಾರರು, “ಸಾರ್, ಆ ಲೇಖನದಲ್ಲಿ ಐವತ್ತು ವರ್ಷದ ಮಳೆಯ ಕೋಷ್ಟಕವಿದೆಯಲ್ಲ, ಅದನ್ನೇಕೆ ಬಿಟ್ಟಿರಿ?” ಎಂದರು. ನಾನು ಓದಿದ್ದರಲ್ಲಿ ಕೋಷ್ಟಕವೇ ಇರಲಿಲ್ಲ! ಆಮೇಲೆ ನೋಡಿದರೆ, ನನ್ನ ಫೋನು ತೆರೆದದ್ದು ಆ ತಾಣದ ಬೇರೆ ಮೊಬೈಲ್ ವಿಳಾಸವನ್ನು. ಅವರು ನೋಡಿದ್ದು ಕಂಪ್ಯೂಟರಿನ ವಿಳಾಸವನ್ನು. ಸಣ್ಣ ಪರದೆಯವನಿಗೆ ಇಷ್ಟು ಸಾಕೆಂದು ಯಾರೋ ತೀರ್ಮಾನಿಸಿ ಕೋಷ್ಟಕವನ್ನು ಕೈಬಿಟ್ಟಿದ್ದರು. ಬಿಟ್ಟಿದ್ದೇವೆಂದು ಎಲ್ಲಿಯೂ ಹೇಳಿರಲಿಲ್ಲ.

ಮಿತ್ರರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ನನಗೆ ಕಚೇರಿಯಲ್ಲಿ ಕಂಪ್ಯೂಟರ್ ಇತ್ತು, ತಪ್ಪು ತಿದ್ದಿಕೊಂಡೆ. ಆದರೆ ಇಂದು ನಮ್ಮ ಹಳ್ಳಿಗಳಲ್ಲಿ ಎಷ್ಟೋ ವಿದ್ಯಾರ್ಥಿಗಳಿಗೆ ಅಂತರಜಾಲವೆಂದರೆ ಮನೆಯಲ್ಲಿರುವ ಒಂದು ಫೋನು, ಅಷ್ಟೆ. ಮೊಬೈಲ್ ವಿಳಾಸದಲ್ಲಿ ಅರ್ಧ ಪಾಠವಿಟ್ಟರೆ, ಉಳಿದ ಅರ್ಧ ಇದೆಯೆಂದು ಅವರಿಗೆ ಗೊತ್ತಾಗುವುದು ಹೇಗೆ? ಮೊದಲು ಎರಡು ವಿಳಾಸ, ಆಮೇಲೆ ಎರಡು ದರ್ಜೆಯ ಓದುಗರು. ಅಪಾಯವಿರುವುದು ಇಲ್ಲಿ.

ಹಾಗಾದರೆ ಸಣ್ಣ ಪರದೆಯ ತೊಂದರೆಗೆ ಪರಿಹಾರವೇನು? ಅದು ವಿಳಾಸದಲ್ಲಿರಲಿಲ್ಲ, ಪುಟದಲ್ಲಿತ್ತು. 2007ರಲ್ಲಿ ಐಫೋನ್ ಬಂತು. ಕಂಪ್ಯೂಟರಿನ ಪುಟವನ್ನೇ ತೆರೆದು, ಬೆರಳಿನಿಂದ ಹಿಗ್ಗಿಸಿ ನೋಡುವುದು ರೂಢಿಯಾಯಿತು. 2010ರಲ್ಲಿ ಈಥನ್ ಮಾರ್ಕಾಟ್ ಎಂಬ ವಿನ್ಯಾಸಕಾರರು ಒಂದು ಲೇಖನದಲ್ಲಿ ಹೊಸ ದಾರಿ ತೋರಿಸಿದರು. ಪುಟದ ಜೊತೆಯಲ್ಲೇ ಕೆಲವು ಸೂಚನೆಗಳನ್ನು ಕಳಿಸುವುದು. ‘ಪರದೆ ಅಗಲವಾಗಿದ್ದರೆ ಮೂರು ಕಂಬಸಾಲು ಮಾಡು, ಕಿರಿದಾಗಿದ್ದರೆ ಒಂದರ ಕೆಳಗೊಂದು ಜೋಡಿಸು, ಚಿತ್ರವನ್ನು ಪರದೆಯ ಅಳತೆಗೆ ಕುಗ್ಗಿಸು’ ಎಂಬಂಥವು. ಸೂಚನೆಗಳನ್ನು ಪಾಲಿಸುವುದು ಫೋನಿನ ಕೆಲಸ. ತಂಬಿಗೆಗೆ ಸುರಿದರೆ ತಂಬಿಗೆಯ ಆಕಾರ, ತಟ್ಟೆಗೆ ಸುರಿದರೆ ತಟ್ಟೆಯ ಆಕಾರ, ನೀರು ಒಂದೇ.

ನಮ್ಮ ಬಣ್ಣದ ಟಿ.ವಿ.ಯ ತತ್ವವೂ ಇದೇ ಅಲ್ಲವೇ? ಅಲ್ಲಿಯೂ ತಪ್ಪು ದಾರಿಯೊಂದನ್ನು ಹಿಡಿದು ನೋಡಿದ್ದರು. 1950ರಲ್ಲಿ ಅಮೆರಿಕ ಒಪ್ಪಿದ ಮೊದಲ ಬಣ್ಣದ ಪದ್ಧತಿ ಸಿ.ಬಿ.ಎಸ್. ಕಂಪನಿಯದು. ಆಗ ಮನೆಗಳಲ್ಲಿದ್ದ ಟಿ.ವಿ.ಗಳಲ್ಲಿ ಆ ಪ್ರಸಾರ ಮೂಡುತ್ತಲೇ ಇರಲಿಲ್ಲ. 1951ರ ಜೂನ್‌ನಲ್ಲಿ ಆರಂಭವಾದ ಪ್ರಸಾರ ಅಕ್ಟೋಬರಿನಲ್ಲಿ ನಿಂತಿತು. 1953ರಲ್ಲಿ, ಹಳೆಯ ಟಿ.ವಿ.ಯಲ್ಲೂ ಮೂಡುವ ಪದ್ಧತಿಯನ್ನು ಒಪ್ಪಲಾಯಿತು. ನೋಡುವವರನ್ನು ಎರಡು ಗುಂಪು ಮಾಡಿದ ಪದ್ಧತಿ ಸೋತಿತು, ಕೂಡಿಸಿದ್ದು ಉಳಿಯಿತು.

ವೆಬ್‌ನಲ್ಲೂ ಹಾಗೆಯೇ ಆಯಿತು. 2015ರ ಏಪ್ರಿಲ್‌ನಲ್ಲಿ ಗೂಗಲ್, ಫೋನಿನಲ್ಲಿ ಹುಡುಕುವವರಿಗೆ ಫೋನಿಗೆ ಹೊಂದುವ ಪುಟಗಳನ್ನು ಮುಂದೆ ತೋರಿಸತೊಡಗಿತು. ಅದು ನೋಡಿದ್ದು ಪುಟದ ಗುಣವನ್ನು, ವಿಳಾಸದ ಬಾಲವನ್ನಲ್ಲ. ವಿಳಾಸದ ನಡುವೆ ‘ಎಂ’ ಅಕ್ಷರ ಸೇರಿಸುವ ಇನ್ನೊಂದು ರೂಢಿ ಬಹುಕಾಲ ಇತ್ತು; ಕನ್ನಡ ವಿಕಿಪೀಡಿಯವನ್ನು ಫೋನಿನಲ್ಲಿ ಓದಿದವರು ಅದನ್ನು ಕಂಡಿರಬಹುದು. 2025ರಲ್ಲಿ ವಿಕಿಪೀಡಿಯ ಕೂಡ ಫೋನಿಗೂ ಕಂಪ್ಯೂಟರಿಗೂ ಒಂದೇ ವಿಳಾಸಕ್ಕೆ ಮರಳಿತು.

ಡಾಟ್ ಮೊಬಿ ಸತ್ತುಹೋಗಿಲ್ಲ, ಇಂದಿಗೂ ಇದೆ. ವಿಳಾಸವೊಂದನ್ನು ಹುಟ್ಟಿಸುವುದು ಸುಲಭ, ಸಾಕುವುದು ಕಷ್ಟ ಎಂಬುದಕ್ಕೂ ಅದೇ ಉದಾಹರಣೆ. ಆ ಬಾಲದ ಹೆಸರುಗಳು ಯಾರ ಒಡೆತನದಲ್ಲಿವೆ ಎಂದು ತಿಳಿಸುವ ಕಂಪ್ಯೂಟರಿಗೆ ಒಂದು ವಿಳಾಸವಿತ್ತು. ಕಾಲಕ್ರಮದಲ್ಲಿ ಅದನ್ನು ಬೇರೆ ವಿಳಾಸಕ್ಕೆ ವರ್ಗಾಯಿಸಿದರು. ಹಳೆಯದರ ಅವಧಿ 2023ರ ಡಿಸೆಂಬರಿನಲ್ಲಿ ಮುಗಿಯಿತು. 2024ರಲ್ಲಿ ವಾಚ್‌ಟವರ್ ಎಂಬ ಭದ್ರತಾ ಸಂಸ್ಥೆಯ ಸಂಶೋಧಕರು 20 ಡಾಲರ್ ಕೊಟ್ಟು ಆ ಹಳೆಯ ವಿಳಾಸವನ್ನು ಕೊಂಡರು. ಕೆಲವೇ ದಿನಗಳಲ್ಲಿ 1,35,000ಕ್ಕೂ ಹೆಚ್ಚು ಕಂಪ್ಯೂಟರುಗಳು ಅವರನ್ನೇ ಅಧಿಕೃತರೆಂದು ತಿಳಿದು ಪ್ರಶ್ನೆ ಕೇಳಿದವು! ಅವು ಹಳೆಯ ವಿಳಾಸವನ್ನು ಮರೆತಿರಲಿಲ್ಲ. ಸಂಶೋಧಕರು ಒಳ್ಳೆಯವರಾದ್ದರಿಂದ ವಿಷಯ ಬಯಲಿಗಿಟ್ಟು ತಿದ್ದಿಸಿದರು. ಕಳ್ಳರ ಕೈಗೆ ಸಿಕ್ಕಿದ್ದರೆ, ಬೇರೆಯವರ ತಾಣ ತಮ್ಮದೆಂದು ಸುಳ್ಳು ಪ್ರಮಾಣಪತ್ರ ಪಡೆಯುವುದಕ್ಕೂ ದಾರಿಯಾಗುತ್ತಿತ್ತು. ಹೊಸ ಬಾಲ ಬೇಕೆನ್ನುವವರು ಈ ಹೊಣೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಾಗೆಂದು ಹೊಸ ಬಾಲಗಳೇ ಬೇಡವೆಂದು ನಾನು ಹೇಳುವುದಿಲ್ಲ. ಇಂದು ಅವು 1,400ಕ್ಕೂ ಹೆಚ್ಚಿವೆ. ಅವುಗಳಲ್ಲಿ ಕನ್ನಡ ಲಿಪಿಯ ‘ಡಾಟ್ ಭಾರತ’ವೂ ಒಂದು. ಇಂಗ್ಲಿಷ್ ಅಕ್ಷರ ಬಾರದ ಅಜ್ಜಿಯೂ ಓದಬಲ್ಲ ವಿಳಾಸ ಅದು. ಜನರನ್ನು ಒಳಗೆ ಕರೆಯುವ ಬಾಲಕ್ಕೆ ಅರ್ಥವಿದೆ. ಕೈಯಲ್ಲಿರುವ ಯಂತ್ರ ನೋಡಿ ಬೇರೆ ಬಾಗಿಲು ತೋರಿಸುವ ಬಾಲಕ್ಕೆ ಅಷ್ಟು ಅರ್ಥವಿಲ್ಲ. ಮೇಲಾಗಿ ಯಂತ್ರಗಳು ಬದಲಾಗುತ್ತಲೇ ಇರುತ್ತವೆ. ಮೊಬೈಲಿಗೊಂದು ಕೊಟ್ಟರೆ ನಾಳೆ ಕೈಗಡಿಯಾರಕ್ಕೆ, ಕನ್ನಡಕಕ್ಕೆ, ಕಾರಿಗೆ ಬೇಡವೇ?

ಕೊನೆಯದಾಗಿ ಒಂದು ಮಾತು. ಡಾಟ್ ಮೊಬಿ ಕೊಟ್ಟ ಉತ್ತರ ತಪ್ಪಿರಬಹುದು, ಅದು ಎತ್ತಿದ ಪ್ರಶ್ನೆ ತಪ್ಪಾಗಿರಲಿಲ್ಲ. ವೆಬ್‌ನ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2008ರಲ್ಲಿ ಮೊಬೈಲ್ ಪುಟಗಳಿಗೆ ಕೊಟ್ಟ ಮಾರ್ಗದರ್ಶನದಲ್ಲಿ, ಸಾಮಾನ್ಯ ಫೋನಿಗೆ ಕಳಿಸುವ ಪುಟದ ಒಟ್ಟು ತೂಕ 20 ಕಿಲೋಬೈಟ್ ಮೀರಬಾರದೆಂದಿತ್ತು. ಇಂದು 2 ಮೆಗಾಬೈಟಿಗೂ ಮೀರಿದ ಪುಟಗಳು ಸಾಮಾನ್ಯ. ಅಂದರೆ ನೂರು ಪಟ್ಟು ಭಾರ! ಒಂದೇ ವಿಳಾಸ ಎಂಬುದನ್ನು ನಾವು ಸಾಧಿಸಿದೆವು. ಆದರೆ ಆ ವಿಳಾಸದಲ್ಲಿರುವ ಪುಟ ಅಗ್ಗದ ಫೋನಿನಲ್ಲಿ, ಸಿಗ್ನಲ್ ಕುಂಟುವ ಊರಿನಲ್ಲಿ ತೆರೆಯದೇ ಹೋದರೆ, ಬಾಗಿಲು ಒಂದೇ ಇದ್ದು ಏನು ಪ್ರಯೋಜನ? ಹಗುರವಾದ ಪುಟ ಕೊಡುತ್ತೇವೆಂಬ ಭರವಸೆ ಬಾಲದಲ್ಲಿರಬೇಕಾಗಿಲ್ಲ. ಪುಟ ಮಾಡುವವರ ಮನಸ್ಸಿನಲ್ಲಿರಬೇಕು.

ನಿಮ್ಮಲ್ಲಿ ಹಲವರು ಮುಂದೆ ಜಾಲತಾಣಗಳನ್ನು ಕಟ್ಟುವವರು. ಕೆಲವರು ಈಗಾಗಲೇ ಕಾಲೇಜಿಗಾಗಿ ಕಟ್ಟುತ್ತಿರಬಹುದು. ನಿಮಗೊಂದು ಸಣ್ಣ ಪ್ರಯೋಗ ಸೂಚಿಸುತ್ತೇನೆ. ನಿಮ್ಮ ತರಗತಿಯಲ್ಲಿರುವ ಅತ್ಯಂತ ಅಗ್ಗದ ಫೋನನ್ನು, ಅದರ ಒಡೆಯರ ಒಪ್ಪಿಗೆ ಪಡೆದು, ತೆಗೆದುಕೊಳ್ಳಿ. ಸಿಗ್ನಲ್ ಕಡಿಮೆಯಿರುವ ಮೂಲೆಗೆ ಹೋಗಿ. ನಿಮ್ಮ ಕಾಲೇಜಿನ ತಾಣವನ್ನು ಅದರಲ್ಲಿ ತೆರೆಯಿರಿ. ಪುಟ ಪೂರ್ತಿ ಬರಲು ಎಷ್ಟು ಸೆಕೆಂಡು ಹಿಡಿಯಿತು? ಬರೆದಿಟ್ಟುಕೊಳ್ಳಿ. ಅಡ್ಡಕ್ಕೆ ಎಳೆಯದೆ ಓದಲಾಯಿತೇ? ಕಂಪ್ಯೂಟರಿನಲ್ಲಿ ಇದ್ದದ್ದೆಲ್ಲ ಇಲ್ಲಿಯೂ ಇದೆಯೇ? ಫಲಿತಾಂಶವನ್ನು ನಿಮ್ಮ ಅಧ್ಯಾಪಕರಿಗೆ ತೋರಿಸಿ, ಚರ್ಚಿಸಿ.

ಎದುರು ಮನೆಯ ಟಿ.ವಿ.ಯಲ್ಲಿ ಹುಲ್ಲು ಹಸಿರಾಗಿತ್ತು, ನಮ್ಮದರಲ್ಲಿ ಬೂದಿಯಾಗಿತ್ತು, ನಿಜ. ಆದರೆ ಪಂದ್ಯ ಗೆದ್ದವರು ಯಾರೆಂದು ಎರಡೂ ಮನೆಯವರಿಗೆ ಒಂದೇ ಹೊತ್ತಿಗೆ ತಿಳಿಯುತ್ತಿತ್ತು. ನೀವು ಕಟ್ಟುವ ಪುಟಗಳೂ ಹಾಗಿರಲಿ.