ಹಳದಿ-ಕಪ್ಪು ಪಟ್ಟೆಯ ಬ್ಯಾಂಡು ಮತ್ತು ಅದರ ಕೇಳುಗರು



ಸಂಗೀತದ ಚರಿತ್ರೆ ಹೇಳುವಾಗ ನಾವು ಹಾಡಿದವರ ಕಥೆಯನ್ನೇ ಹೇಳುತ್ತೇವೆ. ಇವತ್ತು ನಾನು ಕೇಳಿದವರ ಕಥೆ ಹೇಳುತ್ತೇನೆ. ಕ್ಯಾಲಿಫೋರ್ನಿಯಾದ ಸ್ಟ್ರೈಪರ್ ಎಂಬ ಕ್ರೈಸ್ತ ಹೆವಿ ಮೆಟಲ್ ಬ್ಯಾಂಡು 1986ರ ಅಕ್ಟೋಬರಿನಲ್ಲಿ ‘ಟು ಹೆಲ್ ವಿತ್ ದ ಡೆವಿಲ್’ ಎಂಬ ಆಲ್ಬಂ ಹೊರತಂದಿತು. 1984ರ ಕಿರು ಆಲ್ಬಂ ಬಿಟ್ಟು ಲೆಕ್ಕ ಹಾಕಿದರೆ ಇದು ಅವರ ಎರಡನೆಯದು. ಹತ್ತು ಲಕ್ಷಕ್ಕೂ ಮೀರಿ ಮಾರಾಟವಾಗಿ ಅಮೆರಿಕದಲ್ಲಿ ಪ್ಲಾಟಿನಂ ಮನ್ನಣೆ ಪಡೆಯಿತು. ಆದರೆ ಅದನ್ನು ಎದುರುಗೊಂಡ ರೀತಿಯಲ್ಲಿ ಒಮ್ಮತವೆಂಬುದೇ ಇರಲಿಲ್ಲ.

ಬ್ಯಾಂಡಿನ ಮುಂದಾಳು, ಗಾಯಕ ಮೈಕಲ್ ಸ್ವೀಟ್. ಅವನ ಅಣ್ಣ ರಾಬರ್ಟ್ ಡ್ರಮ್ ಬಾರಿಸುತ್ತಿದ್ದ, ಅದೂ ಪ್ರೇಕ್ಷಕರಿಗೆ ಪಕ್ಕವಾಗಿ ಕೂತು, ಕೈಚಳಕ ಕಾಣಲಿ ಎಂದು. ಗಿಟಾರಿಗೆ ಆಜ್ ಫಾಕ್ಸ್. ಬೇಸ್ ನುಡಿಸುತ್ತಿದ್ದ ಟಿಮ್ ಗೇನ್ಸ್ ಈ ಆಲ್ಬಂನ ಧ್ವನಿಮುದ್ರಣದ ಹೊತ್ತಿಗೆ ಇರಲಿಲ್ಲ. ಆ ಕೆಲಸ ಮಾಡಿದ್ದು ಬ್ರಾಡ್ ಕಾಬ್. ಬಟ್ಟೆಯಿಂದ ವಾದ್ಯದವರೆಗೆ ಎಲ್ಲವೂ ಹಳದಿ-ಕಪ್ಪು ಪಟ್ಟೆ. ಅದು ಯೆಶಾಯನ ಪ್ರವಾದನೆಯ 53ನೇ ಅಧ್ಯಾಯದಲ್ಲಿ ಬರುವ ಬಾಸುಂಡೆಗಳ ನೆನಪು. ಕಛೇರಿ ನಡೆಯುವಾಗ ಇವರು ಹೊಸ ಒಡಂಬಡಿಕೆಯ ಪ್ರತಿಗಳನ್ನು ಜನರ ನಡುವೆ ಎಸೆಯುತ್ತಿದ್ದರು.

ಕಾಲ ಎಂಥದು ಎಂಬುದನ್ನೂ ನೋಡಬೇಕು. ಹಿಂದಿನ ವರ್ಷ, 1985ರ ಸೆಪ್ಟೆಂಬರಿನಲ್ಲಿ, ಅಮೆರಿಕದ ಸೆನೆಟ್ ಸಮಿತಿಯೊಂದು ರಾಕ್ ಹಾಡುಗಳ ಸಾಹಿತ್ಯದ ಬಗ್ಗೆ ವಿಚಾರಣೆ ನಡೆಸಿ, ಫ್ರಾಂಕ್ ಜಪ್ಪಾ, ಡೀ ಸ್ನೈಡರ್ ಮುಂತಾದ ಸಂಗೀತಗಾರರ ಹೇಳಿಕೆ ಪಡೆದಿತ್ತು. ಮೆಟಲ್ ಎಂದರೆ ಸೈತಾನನ ಕಸುಬು ಎಂಬ ಭಯ ಮನೆಮನೆಗೂ ಹೊಕ್ಕಿತ್ತು. ಆ ಭಯದ ನಡುವೆ, ಸೈತಾನ ನರಕಕ್ಕೆ ಬೀಳಲಿ ಎಂದು ಅದೇ ಮೆಟಲ್ ದನಿಯಲ್ಲಿ ಕೂಗಿದವರು ಇವರು.

ಮೊದಲ ತಕರಾರು ಬಂದದ್ದು ಕ್ರೈಸ್ತ ಪುಸ್ತಕದಂಗಡಿಗಳಿಂದ. ಭಕ್ತಿಗೀತೆಗಳ ಕ್ಯಾಸೆಟ್ ಮುಖ್ಯವಾಗಿ ಮಾರಾಟವಾಗುತ್ತಿದ್ದುದು ಅಲ್ಲೇ. ಮೂಲ ಮುಖಪುಟದಲ್ಲಿ ಬ್ಯಾಂಡಿನವರನ್ನೇ ಹೋಲುವ ನಾಲ್ವರು ರೆಕ್ಕೆಯ ದೂತರು ಸೈತಾನನನ್ನು ಬೆಂಕಿಗೆ ತಳ್ಳುತ್ತಿದ್ದರು. ಚಿತ್ರದ ಅರ್ಥದಲ್ಲಿ ಯಾವ ಮುಚ್ಚುಮರೆಯೂ ಇರಲಿಲ್ಲ. ಆದರೂ ಅಂಗಡಿಯವರಿಗೆ ಅದು ಹಿಡಿಸಲಿಲ್ಲ. ಕೊನೆಗೆ ಬರೀ ಕಪ್ಪು ಹಿನ್ನೆಲೆಯ ಮೇಲೆ ಬ್ಯಾಂಡಿನ ಹೆಸರಿರುವ ಮುಖಪುಟ ಬಂತು. ಒಳಗಿನ ಹಾಡುಗಳು ಹಾಗೆಯೇ ಉಳಿದವು. ಈ ವಿವರ ನನ್ನನ್ನು ಬಹಳ ಕಾಡಿದೆ. ಕಿವಿಗೆ ಸಲ್ಲಬೇಕಾದ ವಿಚಾರಣೆಯನ್ನು ಕಣ್ಣೇ ನಡೆಸಿ ಮುಗಿಸಿತ್ತು.

ಬೋಧಕರ ವಿರೋಧ ಇನ್ನೂ ಗಟ್ಟಿಯಾದದ್ದು. ಟೆಲಿವಿಷನ್ ಬೋಧಕ ಜಿಮ್ಮಿ ಸ್ವಾಗರ್ಟ್, ರಾಕ್ ಲಯದಲ್ಲಿ ದೇವರ ಹೆಸರು ಹೇಳುವುದೇ ವಂಚನೆ ಎಂದು ವಾದಿಸಿ 1987ರಲ್ಲಿ ಪುಸ್ತಕವನ್ನೇ ಬರೆದರು. ಬೈಬಲ್ ಎಸೆಯುವುದು ಅವರ ಪಾಲಿಗೆ ಪವಿತ್ರ ಗ್ರಂಥಕ್ಕೆ ಮಾಡಿದ ಅಪಚಾರ. ಇಲ್ಲೊಂದು ನೋವಿನ ಎಳೆಯಿದೆ. 1970ರ ದಶಕದಲ್ಲಿ ಸ್ವೀಟ್ ಕುಟುಂಬ ವಿಶ್ವಾಸಕ್ಕೆ ಬಂದದ್ದು ಇದೇ ಸ್ವಾಗರ್ಟ್ ಅವರ ಟೆಲಿವಿಷನ್ ಪ್ರಸಂಗ ನೋಡಿ. ಇನ್ನೊಂದು ಎಳೆಯೂ ಇದೆ. ರಾಕ್ ಅಂಡ್ ರೋಲ್‌ನ ಆದ್ಯರಲ್ಲಿ ಒಬ್ಬನಾದ ಜೆರಿ ಲೀ ಲೂಯಿಸ್ ಸ್ವಾಗರ್ಟ್ ಅವರ ಸೋದರ ಸಂಬಂಧಿ. ಇಬ್ಬರೂ ಲೂಯಿಸಿಯಾನದ ಫೆರಿಡೇ ಊರಿನವರು, ಇಬ್ಬರೂ ಪಿಯಾನೋ ನುಡಿಸಿದವರು. ಹಾಗಾಗಿ ಸ್ವಾಗರ್ಟ್ ಅವರದು ಹೊರಗಿನವರ ಅಜ್ಞಾನವಲ್ಲ. ಆ ಲಯದ ಸೆಳೆತ ಎಷ್ಟೆಂದು ಮನೆಯೊಳಗಿಂದಲೇ ಕಂಡವರ ಹೆದರಿಕೆ ಅದು. ಅವರ ತೀರ್ಪನ್ನು ನಾನು ಒಪ್ಪುವುದಿಲ್ಲ, ಆದರೆ ಅವರ ಹೆದರಿಕೆಯನ್ನು ಹಗುರವಾಗಿ ತಳ್ಳಿಹಾಕಲಾರೆ.

ಮೆಟಲ್ ರಸಿಕರ ತಕರಾರು ಬೇರೆ. ಅವರಿಗೆ ಈ ಸಂಗೀತವೆಂದರೆ ಮನೆ, ಶಾಲೆ, ಚರ್ಚುಗಳ ಉಪದೇಶದಿಂದ ಬಿಡುಗಡೆ. ಅಲ್ಲಿಗೂ ಉಪದೇಶ ಬಂತೇ ಎಂಬ ಸಿಟ್ಟು. ಬ್ಯಾಂಡಿನ ಧ್ವನಿಮುದ್ರಿಕೆ ತಂದ ಎನಿಗ್ಮಾ ಕಂಪನಿಯೂ ಧಾರ್ಮಿಕ ಸಂಸ್ಥೆಯಲ್ಲ. ಅದೇ ವರ್ಷ ಪಾಯ್ಸನ್ ಬ್ಯಾಂಡಿನ ಮೊದಲ ಆಲ್ಬಂ ತಂದದ್ದೂ ಅದೇ. ಇತ್ತ ಚರ್ಚಿನವರಿಗೆ ಇವರು ವೇಷಧಾರಿಗಳು, ಅತ್ತ ಮೆಟಲ್ ಕೂಟಕ್ಕೂ ವೇಷಧಾರಿಗಳು.

ಹಾಗಾದರೆ ಕೊಂಡವರು ಯಾರು? ಇಲ್ಲಿ ನನ್ನ ಮುಖ್ಯ ಮಾತಿದೆ. ಚರ್ಚಿಗೆ ಹೋಗುವ ಮನೆಗಳ ಹುಡುಗ ಹುಡುಗಿಯರಿಗೆ, ತಮ್ಮ ವಯಸ್ಸಿನ ಸದ್ದು ಮತ್ತು ತಮ್ಮ ಮನೆಯ ನಂಬಿಕೆ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವ ದಾರಿ ಈ ಆಲ್ಬಂನಲ್ಲಿ ಸಿಕ್ಕಿತು. ಅವರು ಪುಸ್ತಕ ಬರೆಯಲಿಲ್ಲ, ಫೋನ್ ಮಾಡಿದರು. ವೀಕ್ಷಕರು ಫೋನ್ ಮಾಡಿ ಹಾಡು ಕೇಳುವ ‘ಡಯಲ್ ಎಂಟಿವಿ’ ಕಾರ್ಯಕ್ರಮದಲ್ಲಿ ‘ಕಾಲಿಂಗ್ ಆನ್ ಯು’, ‘ಫ್ರೀ’ ಹಾಡುಗಳು ಮೊದಲ ಸ್ಥಾನಕ್ಕೇರಿದವು. ‘ಆನೆಸ್ಟ್ಲಿ’ ಎಂಬ ನಿಧಾನಗತಿಯ ಹಾಡು ಬಿಲ್‌ಬೋರ್ಡ್‌ನ ಹಾಡುಗಳ ಪಟ್ಟಿಯಲ್ಲಿ 23ನೇ ಸ್ಥಾನ ಮುಟ್ಟಿತು. ಅದರಲ್ಲಿ ದೇವರ ಹೆಸರೇ ಇಲ್ಲ. ಗೆಳೆಯನ ಮಾತು ಎಂದರೂ ಆಯಿತು, ಪ್ರೇಮಿಯದೆಂದರೂ ಆಯಿತು, ದೇವರದೆಂದರೂ ಆಯಿತು. ಚರ್ಚಿಗೆ ಎಂದೂ ಕಾಲಿಡದವರೂ ಅದನ್ನು ತಮ್ಮದಾಗಿಸಿಕೊಂಡರು. ನಮ್ಮ ಭಕ್ತಿಪರಂಪರೆಯಲ್ಲಿ ಬೆಳೆದ ಕಿವಿಗೆ ಈ ಬಗೆಯ ತೆರೆದ ಸಂಬೋಧನೆ ಹೊಸದೇನಲ್ಲ.

ಯಾರ ಛಂದಸ್ಸಿನಲ್ಲಿ ಯಾರ ಕಥೆ ಹೇಳಬಹುದು ಎಂಬ ಪ್ರಶ್ನೆ ಕನ್ನಡ ಕ್ರೈಸ್ತರಿಗೂ ಎದುರಾದದ್ದೇ. ಬಾಸೆಲ್ ಮಿಷನ್ನಿನ ಕಿಟ್ಟೆಲ್ ಅವರು 1862ರಲ್ಲಿ ‘ಕಥಾಮಾಲೆ’ಯಲ್ಲಿ ಏಸುವಿನ ಜೀವನವನ್ನು ನಮ್ಮ ನೆಲದ ಪದ್ಯರೂಪದಲ್ಲಿ ಕಟ್ಟಿದರು. ಕೇಳುಗರಿಗೆ ಒಗ್ಗಿದ ಬಂಧದಲ್ಲಿ ಹೇಳಬೇಕೆಂಬ ಹಂಬಲ ಅಲ್ಲೂ ಇದೆ, ಇಲ್ಲೂ ಇದೆ.

ಸಂಗೀತವಾಗಿ ನೋಡಿದರೆ ಆಲ್ಬಂ ಸಮವಾಗಿಲ್ಲ. ‘ಅಬಿಸ್’ ಎಂಬ ಪುಟ್ಟ ವಾದ್ಯಸಂಗೀತದಿಂದ ಶೀರ್ಷಿಕೆ ಗೀತೆಗೆ ಜಾರುವ ಆರಂಭ ಭವ್ಯವಾಗಿದೆ. ಎರಡು ಗಿಟಾರುಗಳು ಜೊತೆಗೂಡಿ ಹಾಡುವ ಕಡೆ, ಮೈಕಲ್‌ನ ದನಿ ತಾರಸ್ಥಾಯಿಗೆ ಏರುವ ಕಡೆ ಮೈ ಜುಮ್ಮೆನ್ನುತ್ತದೆ. ‘ಆಲ್ ಆಫ್ ಮಿ’ಯಂಥ ಹಾಡಿನಲ್ಲಿ ಸಕ್ಕರೆ ಹೆಚ್ಚಾಯಿತು. ಆದರೆ ‘ಮೋರ್ ದ್ಯಾನ್ ಎ ಮ್ಯಾನ್’ ನೇರವಾದ ಪ್ರಾರ್ಥನೆ, ಮತ್ತು ಅಷ್ಟೇ ಅಪ್ಪಟ ಮೆಟಲ್. ಎರಡೂ ಒಂದಕ್ಕೊಂದು ಅಡ್ಡ ಬರುವುದಿಲ್ಲ. ವಿರೋಧಿಸಿದ ಎರಡೂ ಪಕ್ಷದವರು ಈ ಒಂದು ಹಾಡನ್ನಾದರೂ ಪೂರ್ತಿ ಕೇಳಬೇಕಿತ್ತು ಎಂದು ನನಗೆ ಅನಿಸುತ್ತದೆ.

1990ರ ಆಲ್ಬಂನಲ್ಲಿ ಬ್ಯಾಂಡು ಪಟ್ಟೆಯನ್ನೂ ನೇರ ಸುವಾರ್ತೆಯನ್ನೂ ಕೈಬಿಟ್ಟಾಗ ಬೇಸರಗೊಂಡವರು ಆ ಹಳೆಯ ಅಭಿಮಾನಿಗಳೇ. 1992ರಲ್ಲಿ ಮೈಕಲ್ ಹೊರನಡೆದ. 2003ರಲ್ಲಿ ಮತ್ತೆ ಒಂದಾದರು. 2016ರಲ್ಲಿ, ಮೂವತ್ತು ವರ್ಷ ತುಂಬಿದಾಗ, ಈ ಆಲ್ಬಂ ಅನ್ನು ಪೂರ್ತಿಯಾಗಿ ನುಡಿಸುತ್ತಾ ಊರೂರು ಸುತ್ತಿದರು.

ಈಗ ‘ಮೋರ್ ದ್ಯಾನ್ ಎ ಮ್ಯಾನ್’ ಕೇಳಿಸುತ್ತೇವೆ. ಎರಡೂ ಮುಖಪುಟಗಳನ್ನು ಹಾಡು ಮುಗಿದ ಮೇಲೆ ತೋರಿಸುತ್ತೇನೆ. ಆಮೇಲೆ ನಿಮ್ಮ ಪ್ರಶ್ನೆಗಳಿಗೆ ಬರೋಣ.