ಜಮಖಾನ ಹೊದ್ದ ಹೀಟ್ ಪಂಪ್

(ನಿಧಿಸಂಗ್ರಹದ ಸಂಜೆ ಸಹಾಯ ಸಮಿತಿಯ ಪರವಾಗಿ ಮಾಡಿದ ಭಾಷಣದ ಬರಹರೂಪ)

ಸಭೆಯಲ್ಲಿರುವ ಹಿರಿಯರಿಗೆ, ಡೆಟ್ರಾಯಿಟ್ ಕಡೆಯಿಂದ ಐದು ಗಂಟೆ ಕಾರು ಓಡಿಸಿಕೊಂಡು ಬಂದಿರುವ ಸ್ನೇಹಿತರಿಗೆ, ಹಿಂದಿನ ಸಾಲಿನಲ್ಲಿ ಕುಳಿತು ಆಗಲೇ ಬಿಸಿಬೇಳೆಬಾತಿನ ವಾಸನೆ ಹಿಡಿದಿರುವ ಮಕ್ಕಳಿಗೆ, ಎಲ್ಲರಿಗೂ ನಮಸ್ಕಾರ.

ಈ ವೇದಿಕೆಯಿಂದ ಸಾಮಾನ್ಯವಾಗಿ ನೀವು ಕೇಳುವುದು ಊರಿನ ಶಾಲೆಯ ಕಟ್ಟಡ, ಕಣ್ಣಿನ ಶಸ್ತ್ರಚಿಕಿತ್ಸೆಯ ಶಿಬಿರ, ನೆರೆ ಪರಿಹಾರ ಇಂಥ ವಿಷಯಗಳನ್ನು. ಇವತ್ತು ನಾವು ಮಾತನಾಡಬೇಕೆಂದಿರುವುದು ಮನೆಯ ಹಿಂದೆ ಗುರ್ ಎನ್ನುತ್ತ ಕೂತಿರುವ ಒಂದು ಡಬ್ಬಿಯ ಬಗ್ಗೆ. ನಗಬೇಡಿ. ಕಳೆದ ಚಳಿಗಾಲದಲ್ಲಿ ನೀವು ಕೊಟ್ಟ ಹಣದಲ್ಲಿ ಒಂದಷ್ಟನ್ನು ನಾವು ಆ ಡಬ್ಬಿಯ ಬಾಯಿಗೆ ಸುರಿದಿದ್ದೇವೆ. ಅದರ ಲೆಕ್ಕ ಒಪ್ಪಿಸಬೇಕು. ಸಹಾಯ ಸಮಿತಿಯಲ್ಲಿ ನಾವು ನಾಲ್ಕು ಜನ ಇದ್ದೇವೆ. ಮೈಕು ಹಿಡಿದಿರುವುದು ಒಬ್ಬರಾದರೂ ತಪ್ಪು ನಾಲ್ವರದ್ದೂ.

ಡೆವನ್ ಅವೆನ್ಯೂದಿಂದ ಎರಡು ಬೀದಿ ಆಚೆ, ಒಂದು ಹಳೆಯ ಇಟ್ಟಿಗೆ ಕಟ್ಟಡದ ಕಾಂಡೋದಲ್ಲಿ ನಮ್ಮವರೇ ಒಬ್ಬ ಹಿರಿಯ ಮಹಿಳೆ ಇದ್ದಾರೆ. ಅವರ ಒಪ್ಪಿಗೆ ಪಡೆದೇ ಈ ಮಾತು ಹೇಳುತ್ತಿದ್ದೇವೆ. ಹೆಸರು ಮಾತ್ರ ಬೇಡ ಎಂದರು. ಮಕ್ಕಳು ಬೇರೆ ರಾಜ್ಯದಲ್ಲಿ. ಸೊಪ್ಪು, ತರಕಾರಿ, ರಾಗಿಹಿಟ್ಟು ನಡೆದು ಹೋಗಿ ತರಬಹುದು ಎಂಬ ಒಂದೇ ಕಾರಣಕ್ಕೆ ಅವರು ಈ ಬೀದಿ ಬಿಟ್ಟು ಹೋಗಲು ಒಪ್ಪುವುದಿಲ್ಲ. ಯಜಮಾನರು ತೀರಿಕೊಂಡು ಎರಡು ವರ್ಷ. ಡಿಸೆಂಬರಿನಲ್ಲಿ ಕರೆಂಟು ಬಿಲ್ಲು ಕಟ್ಟಲು ಆಗುತ್ತಿಲ್ಲ ಎಂದು ಬಹಳ ಸಂಕೋಚದಿಂದ ಫೋನ್ ಮಾಡಿದರು. ನಾವು ಕಟ್ಟಿದೆವು. ಜನವರಿಯದು ಇನ್ನೂ ದೊಡ್ಡದು ಬಂತು. ಅದನ್ನೂ ಕಟ್ಟಿದೆವು. ಒಳ್ಳೆಯ ಕೆಲಸ ಮಾಡಿದೆವೆಂದು ನೆಮ್ಮದಿಯಾಗಿ ಮಲಗಿದೆವು.

ಫೆಬ್ರವರಿಯ ಬಿಲ್ಲು ಹಿಂದಿನ ವರ್ಷದ ಅದೇ ತಿಂಗಳಿನ ಬಿಲ್ಲಿಗಿಂತ ಹತ್ತಿರ ಹತ್ತಿರ ಮೂರು ಪಟ್ಟು. ಆಗ ನಮ್ಮಲ್ಲೊಬ್ಬರು ಮನೆಗೆ ಹೋಗಿ, "ಅಮ್ಮಾ, ಇಷ್ಟು ಯಾಕೆ ಬಂತು?" ಎಂದು ಕೇಳಿದರು. "ಈ ದೇಶದ ಚಳಿಗೆ ಅಷ್ಟು ಆಗುತ್ತೇನೋ ಅಂದ್ಕೊಂಡೆ ಕಣಪ್ಪ" ಎಂದರು ಅಮ್ಮ. ಮನೆಯೇನೋ ಬೆಚ್ಚಗಿತ್ತು. ಕೆಟ್ಟದ್ದರ ಗುರುತು ಒಂದೂ ಇರಲಿಲ್ಲ. ಕಾಫಿ ಕುಡಿದು ಹೊರಡುವಾಗ ಹಿಂಬಾಗಿಲ ಗಾಜಿನಲ್ಲಿ ಮರದ ಪೋರ್ಚು ಕಾಣಿಸಿತು. ಅಲ್ಲಿ ಹೀಟ್ ಪಂಪಿನ ಹೊರಗಿನ ಯಂತ್ರದ ಮೇಲೆ ನವಲಗುಂದದ ಹಳೆಯ ಜಮಖಾನ, ಅದರ ಮೇಲೆ ನೀಲಿ ಪ್ಲಾಸ್ಟಿಕ್ಕು, ಸುತ್ತಲೂ ಹಗ್ಗ. "ಪಾಪ, ಹಿಮದಲ್ಲಿ ನೆನೆಯುತ್ತಲ್ಲ ಅಂತ ಹೊದಿಸಿದೆ" ಎಂದರು.

ಊರಿನಲ್ಲಿ ಮಳೆಗಾಲ ಬಂದರೆ ಸ್ಕೂಟರಿಗೆ, ಸೌದೆಗೆ, ಅಡಿಕೆಗೆ ಏನಾದರೂ ಹೊದಿಸಿಯೇ ಮಲಗುವ ಜನ ನಾವು. ಅವರನ್ನು ದೂರುವಂತಿಲ್ಲ.

ಆ ಜಮಖಾನ ಏನು ಮಾಡಿತು ಎಂದು ತಿಳಿಯಬೇಕಾದರೆ ಯಂತ್ರದ ಕೆಲಸ ಸ್ವಲ್ಪ ಹೇಳಬೇಕು. ನಿಮ್ಮ ಫ್ರಿಜ್ಜಿನ ಹಿಂದೆ ಕೈಯಿಟ್ಟರೆ ಬೆಚ್ಚಗಿರುತ್ತದೆ. ಒಳಗಿನ ಶಾಖ ತೆಗೆದು ಅಡಿಗೆಮನೆಗೆ ಬಿಡುತ್ತಿದೆ. ಹೀಟ್ ಪಂಪ್ ಹೊರಗಿನ ಗಾಳಿಯ ಶಾಖ ತೆಗೆದು ಮನೆಯೊಳಗೆ ಬಿಡುತ್ತದೆ. ಬೇಸಿಗೆಯಲ್ಲಿ ಒಂದು ಕವಾಟ ತಿರುಗಿಸಿಕೊಂಡು ಅದೇ ಯಂತ್ರ ಏಸಿಯಾಗುತ್ತದೆ. ಈ ವಿಚಾರವನ್ನು ಲಾರ್ಡ್ ಕೆಲ್ವಿನ್ 1852ರಲ್ಲೇ ಬರೆದಿಟ್ಟಿದ್ದರು. ಹೊರಗೆ ಹಿಮ ಬೀಳುತ್ತಿರುವಾಗ ಶಾಖ ಎಲ್ಲಿಂದ ಬರಬೇಕು ಎಂದು ನೀವು ಕೇಳಬಹುದು. ಕೊಳವೆಯೊಳಗಿನ ಶೀತಕ ಆ ಗಾಳಿಗಿಂತಲೂ ತಣ್ಣಗಿರುತ್ತದೆ; ಹಾಗಾಗಿ ಗಾಳಿಯ ಶಾಖ ಅದಕ್ಕೆ ಹರಿಯುತ್ತದೆ. ತಳ ಕಂಡ ಬಾವಿಯಲ್ಲೂ ಹಗ್ಗ ಉದ್ದ ಬಿಟ್ಟರೆ ಕೊಡ ತುಂಬುತ್ತದೆ, ಸೇದುವವರ ರಟ್ಟೆ ನೋಯುತ್ತದೆ ಅಷ್ಟೆ. ಹದವಾದ ಚಳಿಯಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಮೂರು ಯೂನಿಟ್ ಶಾಖ ಸಿಗಬಹುದು. ಚಳಿ ಬಿರುಸಾದಂತೆ ಅದು ಎರಡಕ್ಕೋ ಇನ್ನೂ ಕೆಳಕ್ಕೋ ಇಳಿಯುತ್ತದೆ.

ಯಂತ್ರಕ್ಕೆ ಕೈಲಾಗದಿದ್ದಾಗ ಇರಲಿ ಎಂದು ಒಳಗಡೆ ಒಂದು ಸಹಾಯಕ ಹೀಟರ್ ಇಟ್ಟಿರುತ್ತಾರೆ. ಕೆಲವು ಮನೆಗಳಲ್ಲಿ ಅದು ಗ್ಯಾಸ್ ಫರ್ನೇಸ್. ಈ ಅಮ್ಮನ ಮನೆಯಲ್ಲಿದ್ದದ್ದು ವಿದ್ಯುತ್ ಕಾಯಿಲ್, ನಮ್ಮ ಬಚ್ಚಲಿನ ನೀರು ಕಾಯಿಸುವ ಹೀಟರಿನ ಅಣ್ಣ ಎನ್ನಿ. ಅದಕ್ಕೆ ಒಂದು ಯೂನಿಟ್ ಕೊಟ್ಟರೆ ಒಂದೇ ಯೂನಿಟ್ ಶಾಖ. ಜಮಖಾನ ಗಾಳಿ ತಡೆಯಿತು, ಹೊರಗಿನ ಕಾಯಿಲ್ ಹಿಮಗಟ್ಟಿತು, ಯಂತ್ರ ತನ್ನ ರಕ್ಷಣೆಗೆ ತಾನೇ ನಿಂತಿತು, ಸಹಾಯಕ ಹೀಟರ್ ಸದ್ದಿಲ್ಲದೆ ಇಡೀ ಮನೆಯ ಹೊರೆ ಹೊತ್ತುಕೊಂಡಿತು. ಒಲೆ ಆರಿದರೆ ಗೊತ್ತಾಗುತ್ತದೆ, ನಲ್ಲಿ ನಿಂತರೆ ಗೊತ್ತಾಗುತ್ತದೆ. ಹೀಟ್ ಪಂಪ್ ಕೆಟ್ಟರೆ ಮನೆ ಬೆಚ್ಚಗೇ ಇರುತ್ತದೆ. ತಿಂಗಳ ಕೊನೆಗೆ ಅಂಚೆಯಲ್ಲಿ ಗೊತ್ತಾಗುತ್ತದೆ. ಆ ಕಾಗದ ಮೂರು ಸಲ ನಮ್ಮ ಕೈಗೇ ಬಂದಿತ್ತು. ಎರಡು ಸಲ ನಾವು ಮೊತ್ತ ನೋಡಿದೆವು, ಕಾರಣ ನೋಡಲಿಲ್ಲ.

ಸರ್ವಿಸಿನವರು ಬಂದರು. ಹೊದಿಕೆ ಬಿಚ್ಚಿದರೆ ಒಳಗೆ ಯಂತ್ರವಲ್ಲ, ಹಿಮದ ಗಡ್ಡೆ. ಒಳಗಿನ ಫಿಲ್ಟರ್ ತೆಗೆದರೆ ಕುರಿ ಕಂಬಳಿಯ ಹಾಗೆ ದಪ್ಪ. ಯಜಮಾನರಿದ್ದಾಗ ವರ್ಷಕ್ಕೊಮ್ಮೆ ಯಾರನ್ನೋ ಕರೆಸುತ್ತಿದ್ದರಂತೆ, ನಂಬರು ಅವರ ಡೈರಿಯಲ್ಲೇ ಉಳಿದಿತ್ತು. ಎರಡು ಗಂಟೆ ಕೆಲಸ. ಅದಕ್ಕೆ ಆದ ಖರ್ಚು ಒಂದು ತಿಂಗಳ ಬಿಲ್ಲಿನಲ್ಲಿ ಹೆಚ್ಚಾಗಿ ಬಂದ ಹಣಕ್ಕಿಂತ ಕಡಿಮೆ.

ಆಮೇಲೆ ನಾವು ನಮ್ಮ ನಮ್ಮ ಮನೆಗಳನ್ನೂ ನೋಡಿಕೊಂಡೆವು. ನಾಚಿಕೆಯಾಯಿತು. ಒಬ್ಬರ ಮನೆಯಲ್ಲಿ ಗಾಳಿ ಒಳಗೆ ಸೇದುವ ಜಾಲರಿಯ ಮುಂದೆ ಊರಿಗೆ ಹೋಗುವ ಸೂಟ್‌ಕೇಸುಗಳ ಗೋಪುರ. ಇನ್ನೊಬ್ಬರು ಫಿಲ್ಟರ್ ಬದಲಿಸಿದ್ದು ಮಗಳ ಗ್ರಾಜುಯೇಷನ್ನಿಗೆ. ನಮ್ಮ ಅಡಿಗೆಯನ್ನೂ ಮರೆಯಬಾರದು. ದಿನಕ್ಕೆರಡು ಒಗ್ಗರಣೆ, ಹಬ್ಬಕ್ಕೆ ಕರಿದ ತಿಂಡಿ, ಬೆಳಗ್ಗೆ ಸಂಜೆ ಊದುಬತ್ತಿ. ಆ ಜಿಡ್ಡಿಗೆ ಧೂಳು ಕೂತರೆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಒಂದು ಇಂಚಿನ ತೆಳು ಫಿಲ್ಟರನ್ನು ಚಳಿಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ಬೆಳಕಿಗೆ ಹಿಡಿದು ನೋಡಿ. ದೀಪಾವಳಿ ಕಳೆದ ಮೇಲಂತೂ ಕಡ್ಡಾಯ.

ಇನ್ನೊಂದು ಅಭ್ಯಾಸ, ಹೊರಗೆ ಹೋಗುವಾಗ ಎಲ್ಲ ಆರಿಸಿ ಹೋಗುವುದು. ದೀಪಕ್ಕೆ ಸರಿ, ಹೀಟ್ ಪಂಪಿಗೆ ಸರಿಯಲ್ಲ. ಮನೆಯನ್ನು ಪೂರಾ ತಣ್ಣಗಾಗಲು ಬಿಟ್ಟು ಸಂಜೆ ಒಮ್ಮೆಲೇ ಹತ್ತು ಡಿಗ್ರಿ ಏರಿಸಿದರೆ ಆ ಆತುರಕ್ಕೆ ಸಹಾಯಕ ಹೀಟರ್ ಎದ್ದು ಕೂರುತ್ತದೆ. ಒಂದೇ ಮಟ್ಟದಲ್ಲಿ ಬಿಡುವುದು ಸಾಮಾನ್ಯವಾಗಿ ಮೇಲು. ಥರ್ಮೋಸ್ಟ್ಯಾಟಿನ ಮೇಲೆ 'ಎಮರ್ಜೆನ್ಸಿ ಹೀಟ್' ಎಂದು ಒಂದು ಗುಂಡಿ ಇರುತ್ತದೆ. ಊರಿನಿಂದ ಬಂದ ಅಪ್ಪ ಅಮ್ಮಂದಿರಿಗೆ ಜನವರಿಯ ಶಿಕಾಗೋ ಎಮರ್ಜೆನ್ಸಿ ಅಲ್ಲದೆ ಮತ್ತೇನು? ಒತ್ತಿಬಿಡುತ್ತಾರೆ. ಅದನ್ನು ಒತ್ತಿದರೆ ಹೀಟ್ ಪಂಪ್ ನಿಂತು, ಬರೀ ಸಹಾಯಕ ಹೀಟರ್ ಉಳಿಯುತ್ತದೆ. ಯಂತ್ರ ನಿಜವಾಗಿ ಕೆಟ್ಟಾಗ ಮಾತ್ರ ಅದು ಬೇಕು.

ಹಾಗೆಯೇ ಹೊರಗಿನ ಯಂತ್ರದಿಂದ ಬಿಳಿ ಹೊಗೆ ಎದ್ದಿತೆಂದು ಗಾಬರಿಯಾಗಿ ನಮಗೆ ಫೋನ್ ಮಾಡಿದವರಿದ್ದಾರೆ. ಅದು ಹೊಗೆಯಲ್ಲ, ಹಬೆ. ಕಾಯಿಲಿನ ಮೇಲೆ ಕೂತ ಹಿಮವನ್ನು ಯಂತ್ರ ಆಗಾಗ ಕೆಲವು ನಿಮಿಷ ತಾನೇ ಕರಗಿಸಿಕೊಳ್ಳುತ್ತದೆ, ಫ್ಯಾನ್ ನಿಂತು ಹಬೆ ಏಳುತ್ತದೆ. ಕರಗದೆ ಗಡ್ಡೆ ನಿಂತರೆ ಮಾತ್ರ ಚಿಂತೆ. ಆಗ ಚಾಕು, ದೋಸೆ ಮಗುಚುವ ಕೈ ಹಿಡಿದು ಹೊರಡಬೇಡಿ. ಒಬ್ಬರು ಹೊರಟಿದ್ದರು, ಆದ್ದರಿಂದ ಹೇಳುತ್ತಿದ್ದೇವೆ. ಆ ತೆಳು ರೆಕ್ಕೆಗಳು ಬಾಗುತ್ತವೆ, ಕೊಳವೆಗೆ ತೂತು ಬಿದ್ದರೆ ಖರ್ಚು ಸಾವಿರಗಳಲ್ಲಿ. ಮಾಡಿನ ನೀರು ಯಂತ್ರದ ಮೇಲೆ ತೊಟ್ಟಿಕ್ಕದ ಹಾಗೆ, ಸುತ್ತ ಎರಡಡಿ ಹಿಮ ಸರಿಸಿರುವ ಹಾಗೆ ನೋಡಿಕೊಂಡರೆ ನಮ್ಮ ಪಾಲಿನ ಕೆಲಸ ಆಯಿತು.

ಉಳಿದದ್ದು ಕಲಿತವರ ಕೆಲಸ. ನಮ್ಮಲ್ಲಿ ಇಂಜಿನಿಯರುಗಳಿಗೆ ಬರವಿಲ್ಲ, ಯೂಟ್ಯೂಬಿಗೂ ಬರವಿಲ್ಲ, ಆದರೂ ಹೇಳುತ್ತೇವೆ. ಶೀತಕದ ಪ್ರಮಾಣ ಸರಿಯಿದೆಯೇ, ಕವಾಟ ಎರಡೂ ಕಡೆ ತಿರುಗುತ್ತದೆಯೇ, ಹಿಮ ಕರಗಿಸುವ ಸೆನ್ಸರ್ ನಿಜ ಹೇಳುತ್ತಿದೆಯೇ, ಕೆಪಾಸಿಟರ್ ಸೋತಿದೆಯೇ, ವೈರಿನ ತಿರುಪುಗಳು ಸಡಿಲವೇ, ಸಹಾಯಕ ಹೀಟರ್ ಬೇಡದ ಹೊತ್ತಿನಲ್ಲಿ ಏಳುತ್ತಿದೆಯೇ, ಇವೆಲ್ಲ ಮಾಪಕ ಇಟ್ಟು ನೋಡಬೇಕಾದವು. ಇಪ್ಪತ್ತು ನಿಮಿಷದಲ್ಲಿ ಮೇಲೆ ಕೆಳಗೆ ನೋಡಿ ಸಹಿ ಹಾಕಿಸಿಕೊಂಡು ಹೋದರೆ ಅದು ಸರ್ವಿಸ್ ಅಲ್ಲ, ದರ್ಶನ. ಅಳೆದ ಅಂಕಿಗಳನ್ನು ಬರೆದುಕೊಡಿ ಎಂದು ಕೇಳಿ. ಮುಂದಿನ ವರ್ಷ ಹೋಲಿಸಲು ಬೇಕು.

ಶೀತಕದ ವಿಷಯದಲ್ಲಿ ಎಚ್ಚರ. ಬೆಂಗಳೂರಿನಲ್ಲಿ ಬೇಸಿಗೆ ಬಂದರೆ ಏಸಿಗೆ ಗ್ಯಾಸ್ ತುಂಬಿಸುವುದು ಯುಗಾದಿಯಷ್ಟೇ ಖಾಯಂ. ಶೀತಕ ಪೆಟ್ರೋಲಿನ ಹಾಗೆ ಉರಿದು ಮುಗಿಯುವುದಿಲ್ಲ. ಕಡಿಮೆಯಾಗಿದೆ ಎಂದರೆ ಸೋರುತ್ತಿದೆ ಎಂದರ್ಥ. ಸೋರಿಕೆ ಹುಡುಕದೆ ಬರೀ ತುಂಬುವವರನ್ನು ಬಾಗಿಲಿನಿಂದಲೇ ಕಳಿಸಿ. ಹಳೆಯ ಆರ್-22 ಈ ದೇಶದಲ್ಲಿ ಹೊಸದಾಗಿ ತಯಾರಾಗುವುದು, ಆಮದಾಗುವುದು 2020ರ ಜನವರಿಗೆ ನಿಂತಿತು. ಬಹುತೇಕ ಮನೆಗಳಲ್ಲಿರುವ ಆರ್-410ಎ ಒಂದು ಕಿಲೋ ಗಾಳಿಗೆ ಹೋದರೆ ಎರಡು ಸಾವಿರ ಕಿಲೋಗೂ ಮಿಕ್ಕಿ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು ಭೂಮಿ ಬಿಸಿಯಾಗುತ್ತದೆ. 2025ರಿಂದ ಬರುತ್ತಿರುವ ಹೊಸ ಯಂತ್ರಗಳಲ್ಲಿ ಆರ್-454ಬಿ ಅಥವಾ ಆರ್-32 ಇರುತ್ತದೆ. ಹಾನಿ ಕಡಿಮೆ, ಆದರೆ ಅಲ್ಪಸ್ವಲ್ಪ ಹೊತ್ತಿಕೊಳ್ಳುವ ಗುಣ ಇದೆ. ಇಪಿಎ 608 ಪ್ರಮಾಣಪತ್ರ ಇಲ್ಲದವರು ಶೀತಕ ಮುಟ್ಟುವಂತಿಲ್ಲ, ಕಾನೂನು ಹಾಗಿದೆ. ಮಿಶಿಗನ್ನಿನವರು ಕಾಂಟ್ರಾಕ್ಟರಿನ ರಾಜ್ಯದ ಲೈಸೆನ್ಸ್ ಕೇಳಬಹುದು. ನಮ್ಮ ಇಲಿನಾಯ್‌ನಲ್ಲಿ ಈ ಕೆಲಸಕ್ಕೆ ರಾಜ್ಯಮಟ್ಟದ ಲೈಸೆನ್ಸ್ ಇಲ್ಲವಾದ್ದರಿಂದ ಆ ಪ್ರಮಾಣಪತ್ರವನ್ನೂ ವಿಮೆಯನ್ನೂ ನೀವೇ ಕೇಳಿ ನೋಡಬೇಕು.

ಡೆಟ್ರಾಯಿಟ್ ಕಡೆಯ ಸ್ನೇಹಿತರು, ನಮ್ಮದು ಗ್ಯಾಸ್ ಫರ್ನೇಸಿನ ಜೊತೆ ಹೀಟ್ ಪಂಪ್, ನಮಗೆ ಈ ಭಯವಿಲ್ಲ ಎಂದರು. ಭಯ ಬೇರೆ ಥರದ್ದು. ಹೀಟ್ ಪಂಪಿನಲ್ಲಿ ಏನೂ ಉರಿಯುವುದಿಲ್ಲ, ಫರ್ನೇಸಿನಲ್ಲಿ ಉರಿಯುತ್ತದೆ. ಅದರ ಶಾಖಪೆಟ್ಟಿಗೆ ಬಿರುಕು ಬಿಟ್ಟರೆ, ಚಿಮಣಿ ಕಟ್ಟಿಕೊಂಡರೆ ಕಾರ್ಬನ್ ಮೊನಾಕ್ಸೈಡ್ ಮನೆಗೆ ಬರಬಹುದು. ವಾಸನೆಯಿಲ್ಲ, ಬಣ್ಣವಿಲ್ಲ. ಇಲಿನಾಯ್‌ನಲ್ಲಿ 2007ರಿಂದ ಮಲಗುವ ಕೋಣೆಯ ಹದಿನೈದು ಅಡಿಯೊಳಗೆ ಅದರ ಅಲಾರಂ ಇರಲೇಬೇಕು. ಎರಡೂ ಯಂತ್ರಗಳನ್ನು ಒಟ್ಟಿಗೆ ಸರ್ವಿಸ್ ಮಾಡಿಸಿ.

2019ರ ಜನವರಿ 30 ನಿಮಗೆಲ್ಲ ನೆನಪಿದೆ. ಓಹೇರ್‌ನಲ್ಲಿ ಸೊನ್ನೆಗಿಂತ 23 ಡಿಗ್ರಿ ಫ್ಯಾರನ್‌ಹೀಟ್ ಕೆಳಗೆ. ಅಂಥ ರಾತ್ರಿ ಒಳ್ಳೆಯ ಹೀಟ್ ಪಂಪಿಗೂ ಆಸರೆ ಬೇಕು. ಆಸರೆ ಸರಿಯಿದೆಯೇ ಎಂದು ಅಕ್ಟೋಬರಿನಲ್ಲೇ ನೋಡಿಕೊಳ್ಳಬೇಕು. ಬೇಸಿಗೆಯದೂ ಒಂದು ಮಾತು. 1995ರ ಜುಲೈನಲ್ಲಿ ಈ ನಗರದಲ್ಲಿ ಕೆಲವೇ ದಿನಗಳ ಸೆಖೆಗೆ 700ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹಳಷ್ಟು ಮಂದಿ ಒಂಟಿಯಾಗಿದ್ದ ಮುದುಕರು. ಕಿಟಕಿ ಮುಚ್ಚಿಕೊಂಡಿದ್ದವರ ಬಾಗಿಲು ಯಾರೂ ತಟ್ಟಿರಲಿಲ್ಲ. ಆ ಡಬ್ಬಿಯೇ ಜುಲೈಯಲ್ಲಿ ತಂಪು ಕೊಡಬೇಕಾದದ್ದು. ಆದ್ದರಿಂದ ವರ್ಷಕ್ಕೆ ಎರಡು ಭೇಟಿ, ವಸಂತದಲ್ಲಿ ಒಂದು, ಶರತ್ಕಾಲದಲ್ಲಿ ಒಂದು.

ಡೆವನ್ನಿನ ಅಂಗಡಿಗಳ ಮೇಲಿನ ಮನೆಗಳಲ್ಲಿ ಬಾಡಿಗೆಗಿರುವ ಹೊಸ ಕುಟುಂಬಗಳಿಗೆ ಒಂದು ಮಾತು. ಬಾಡಿಗೆಯಲ್ಲಿ ಹೀಟಿಂಗ್ ಸೇರಿದ್ದರೆ ಸೆಪ್ಟೆಂಬರ್ 15ರಿಂದ ಜೂನ್ 1ರವರೆಗೆ ಹಗಲು 68, ರಾತ್ರಿ 66 ಡಿಗ್ರಿ ಕೊಡುವುದು ಮಾಲೀಕರ ಹೊಣೆ ಎಂದು ಶಿಕಾಗೋ ನಗರದ ಕಾನೂನೇ ಹೇಳುತ್ತದೆ. ಕಂಬಳಿ ಹೊದ್ದು ಸುಮ್ಮನಿರಬೇಡಿ.

ಈಗ ಹಣದ ಮಾತು. ಹೀಟ್ ಪಂಪ್ ಕೊಳ್ಳುವವರಿಗೆ ಫೆಡರಲ್ ತೆರಿಗೆಯಲ್ಲಿ ಎರಡು ಸಾವಿರ ಡಾಲರಿನವರೆಗೆ ರಿಯಾಯಿತಿ ಇತ್ತು, 2025ರ ಕೊನೆಗೆ ಅದು ಮುಗಿಯಿತು. ಇದ್ದಾಗಲೂ ಅದು ಕೊಳ್ಳುವುದಕ್ಕೆ, ಸಾಕುವುದಕ್ಕಲ್ಲ. ಬಿಲ್ಲು ಕಟ್ಟಲಾಗದವರಿಗೆ ಲೈಹೀಪ್ ಎಂಬ ಸರ್ಕಾರಿ ನೆರವಿದೆ, ಅರ್ಜಿ ತುಂಬಲು ನಾವು ಜೊತೆ ಬರುತ್ತೇವೆ. ಸಮಿತಿಯ ಬೇಡಿಕೆ ಇಷ್ಟು: ಈ ವರ್ಷ ನೀವು ಕೊಡುವುದರಲ್ಲಿ ಒಂದು ಸಣ್ಣ ಪಾಲನ್ನು ಊರಿಗೆ ಕಳಿಸದೆ ಇಲ್ಲೇ ಇಟ್ಟುಕೊಂಡು, ಒಂಟಿಯಾಗಿರುವ ನಮ್ಮ ಹಿರಿಯರ ಮನೆಗಳಿಗೆ ವರ್ಷಕ್ಕೆರಡು ಸಲ ಸರ್ವಿಸ್ ಮಾಡಿಸಲು ಒಪ್ಪಿಗೆ ಕೊಡಿ. ಶಾಲೆಯ ದುಡ್ಡು ಇಲ್ಲಿಗೆ ಯಾಕೆ ಎಂದು ಕೇಳುವವರಿದ್ದಾರೆ, ಕೇಳಬೇಕಾದದ್ದೇ. ಕಳೆದ ವರ್ಷ ಆ ದುಡ್ಡು ಹೇಗೂ ಇಲ್ಲೇ ಖರ್ಚಾಯಿತು, ಅದೂ ಮೂರು ಪಟ್ಟು ಬಿಲ್ಲಾಗಿ.

ಸರ್ವಿಸಿನವರು ಬಂದ ದಿನ ನಮ್ಮವರೊಬ್ಬರು ಜೊತೆಗಿರಬೇಕು. ಇಂಗ್ಲಿಷಿನಲ್ಲಿ ಮಾತಾಡಲು, ಅಂಕಿ ಬರೆದುಕೊಳ್ಳಲು, ಫಿಲ್ಟರ್ ಎಲ್ಲಿ ಸಿಗುತ್ತದೆಂದು ತೋರಿಸಲು. ಒಂದು ಶನಿವಾರದ ಬೆಳಗ್ಗೆ ಸಾಕು, ಹೇಗೂ ತರಕಾರಿಗೆ ಡೆವನ್ನಿಗೆ ಬರುತ್ತೀರಿ. ಹೆಸರು ಬರೆಯುವ ಪುಸ್ತಕ ಕಾಫಿ ಮೇಜಿನ ಪಕ್ಕದಲ್ಲಿದೆ. ಮೊದಲ ಹೆಸರು ಆ ಅಮ್ಮನದೇ. ಎದುರು ಬೀದಿಯ ಇನ್ನೊಬ್ಬ ಅಜ್ಜಿಯ ಮನೆಗೆ ತಾನು ಜೊತೆಗೆ ಹೋಗುತ್ತೇನೆಂದು ಬರೆಸಿದ್ದಾರೆ. ಜಮಖಾನವನ್ನು ಒಗೆದು ಒಳಗೆ ಹಾಸಿದ್ದಾರಂತೆ.