ಮೊಣಕಾಲಿನ ಎಕ್ಸ್‌ರೇ ಮತ್ತು ನಮ್ಮ ನೋವು

(ಮುಳ್ಳೇರಿಯದ ಕಾರ್ಮಿಕರ ಕೂಟದಲ್ಲಿ ಮಾಡಿದ ಭಾಷಣ)



ಗುಡ್ಡೆಯ ತೋಟ ಹತ್ತಿ ಇಳಿದು ಮೊಣಕಾಲು ಸವೆದಾಗ ಎಕ್ಸ್‌ರೇ ತೆಗೆಸುತ್ತೇವೆ. ಒಬ್ಬ ಡಾಕ್ಟರರು ಎರಡನೇ ಹಂತವೆಂದರೆ, ಅದೇ ಫಿಲ್ಮನ್ನು ನೋಡಿ ಇನ್ನೊಬ್ಬರು ಮೂರನೆಯದು ಎನ್ನಬಹುದು. ಇದು ಮೋಸವಲ್ಲ. ಸೊನ್ನೆಯಿಂದ ನಾಲ್ಕರವರೆಗಿನ ಈ ಹಂತಗಳನ್ನು 1957ರಲ್ಲಿ ತಿಳಿಸಿದವರು ಇಂಗ್ಲೆಂಡಿನ ಡಾಕ್ಟರುಗಳಾದ ಕೆಲ್‌ಗ್ರೆನ್ ಮತ್ತು ಲಾರೆನ್ಸ್. ಅವರಿಬ್ಬರ ಎಣಿಕೆಯೂ ಅಂದೇ ಪೂರ್ತಿ ತಾಳೆಯಾಗಲಿಲ್ಲ.

ಸವೆಯುವ ಮೆದು ಎಲುಬು ಎಕ್ಸ್‌ರೇಯಲ್ಲಿ ಕಾಣದು. ಎಲುಬುಗಳ ನಡುವಿನ ಸಂದು ನೋಡಿ ಅಂದಾಜು ಮಾಡುತ್ತಾರೆ. ಮಲಗಿಸಿ ತೆಗೆದರೆ ಸಂದು ಅಗಲವಾಗಿ, ನಿಲ್ಲಿಸಿ ತೆಗೆದರೆ ಕಿರಿದಾಗಿ ಕಾಣಬಹುದು.

ಹಂತ ಸಣ್ಣದಾದರೂ ನೋವು ಸುಳ್ಳಲ್ಲ. ಹಳೆಯ ಫಿಲ್ಮನ್ನು ಬಿಸಾಡದೆ ಒಯ್ಯಿರಿ. ಹೊರುವ ಭಾರ, ಏರುವ ಗುಡ್ಡೆ, ರಾತ್ರಿಯ ನೋವು ಎಲ್ಲವನ್ನೂ ಡಾಕ್ಟರರಿಗೆ ಹೇಳಿರಿ. ಅಂಕಿಯೊಂದನ್ನೇ ತೋರಿಸಿ ಹಗುರ ಕೆಲಸ ಕೊಡಲಾರೆವೆಂದರೆ, ಆ ಸಹೋದರಿಯ ಜೊತೆಗೆ ನಾವೆಲ್ಲರೂ ಹೋಗಿ ಮಾತಾಡೋಣ.